ನೆಲಕ್ಕೆ ಮುಟ್ಟಿಸಬಾರದ್ದು

ಚಾಪೆ ಹಾಸಲು ಕುರ್ಚಿ ಸರಿಸುವಾಗ ಖದೀಜಾಳ ಭುಜ ತಾಗಿ, ಕಿಟಕಿ ಪಕ್ಕದ ಮೊಳೆಯಲ್ಲಿದ್ದ ಬಟ್ಟೆಚೀಲ ಜಾರಿತು. ಗೋಡೆಗೊರಗಿದ್ದ ಆಸಿಯಾ ಕೈಚಾಚಿ, ಅದು ನೆಲ ಸೇರುವ ಮೊದಲೇ ಹಿಡಿದುಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಲುಗಾಡಿದ್ದು ಅದೇ ಮೊದಲು.

"ಏನುಂಟು ಅದ್ರಲ್ಲಿ? ಚಿನ್ನವಾ?" ಪಕ್ಕದ ಫ್ಲ್ಯಾಟಿನ ಖದೀಜಾ ಕೇಳಿದಳು.

"ನಮಾಜಿನ ಬಟ್ಟೆ."

ಚೀಲವನ್ನು ಗಂಡ ಸಲಾಂ ತನ್ನ ಹಳೆಯ ಅಂಗಿ ಕತ್ತರಿಸಿ ಹೊಲಿದಿದ್ದ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೆಣಕ್ಕೆ ಸುತ್ತಿದ ಕಫನ್ ಬಟ್ಟೆ ಸರಿಸಿ ಅವನ ಮುಖ ತೋರಿಸಿದ್ದರು. ಇಳಿಹೊತ್ತಿನ ಅಸರ್ ನಮಾಜಿನ ಬಳಿಕ ದಫನ. ಅಲ್ಲಿಗೆ ಹೆಂಗಸರು ಹೋಗುವ ಕ್ರಮವಿಲ್ಲ. ಅವನು ಒಬ್ಬನೇ ಹೋಗುತ್ತಾನಲ್ಲ ಎಂದಷ್ಟೇ ಆಸಿಯಾ ಯೋಚಿಸುತ್ತಿದ್ದಳು.

ಬಂದ ಹೆಂಗಸರು ಅವನ ಸಾಧು ಗುಣ ಹೊಗಳುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕರೆ ನಗುವುದು ಮಾತ್ರ, ಮಾತು ಮಾಫಿ, ಇಲ್ಲವೇ ಇಲ್ಲ, ಎಂದಳು ಖದೀಜಾ.

*

ಹಳೆಯ ವಸ್ತುಗಳ ಹುಚ್ಚಿದ್ದ ಒಬ್ಬ ಅರಬಿ ಧಣಿಯ ಮನೆಯಲ್ಲಿ ಸಲಾಂ ಧೂಳು ಒರೆಸುವ ಕೆಲಸಕ್ಕಿದ್ದ. ಆಸಿಯಾ ಊರಿನಿಂದ ಈ ಅರಬಿ ನಾಡಿಗೆ ಬಂದ ವರ್ಷ, ಧಣಿಯನ್ನು ಕೇಳಿ ಒಂದು ಶುಕ್ರವಾರ ಅವಳನ್ನೂ ಕರೆದೊಯ್ದಿದ್ದ. ಕತ್ತಿ, ಕಂಬಳಿ, ಹೂಜಿಗಳನ್ನೆಲ್ಲ ದಾಟಿ ಒಂದು ಗೋಡೆಯೆದುರು ನಿಂತ. ಮೆತ್ತನೆಯ ತೊಗಲಿನ ಮುಸುಕು ಸರಿಸಿದ. ಅಮೆರಿಕದ ಮೂಲನಿವಾಸಿಗಳಾದ ಶಾಯನ್ ಜನರ ಗುರಾಣಿ. ಗಡುಸಾದ ಕಾಡುಕೋಣದ ತೊಗಲು. ಮಾಸಿದ ನೀಲಿಯಲ್ಲೊಂದು ಹಕ್ಕಿ, ಸುತ್ತ ಆಲಿಕಲ್ಲಿನಂಥ ಬಿಳಿ ಚುಕ್ಕೆಗಳು.

"ಇದನ್ನು ನೆಲಕ್ಕೆ ಮುಟ್ಟಿಸ್ಲಿಕ್ಕಿಲ್ಲ. ಮುಸುಕು ಹಾಕಿಯೇ ಇಡ್ಬೇಕು. ಬೆಳಗಿನ ಬಿಸಿಲು ಬೀಳ್ಬೇಕು," ಎಂದ. ಆ ಕಡೆಯಿಂದ ಬಂದ ಮುದುಕನೊಬ್ಬ ಹಾಗೆ ಹೇಳಿಹೋಗಿದ್ದನಂತೆ. ಹಿಡಿದವನನ್ನು ಕಾಯುವುದು ತೊಗಲಲ್ಲ, ಅದರ ಮೇಲಿನ ಚಿತ್ರ ಅಂತಲೂ.

ಅವನು ಅಷ್ಟು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಹೊಟ್ಟೆಯುರಿಯಿತು. "ನನ್ನನ್ನೂ ಇಷ್ಟು ಜೋಪಾನ ಮಾಡಿದ್ರೆ ಆಗ್ತಿತ್ತು," ಎಂದಳು.

ಮರುದಿನ ಅವನು ತಮ್ಮ ಫ್ಲ್ಯಾಟಿನ ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ಬೀಳುವಲ್ಲಿ ಮೊಳೆ ಹೊಡೆದ. ಅವಳು ಚಾಪೆಯ ಮೇಲೆ ಬಿಟ್ಟೇಳುತ್ತಿದ್ದ ನಮಾಜಿನ ಬಟ್ಟೆಯನ್ನು ಅಂದಿನಿಂದ ಅವನೇ ಮಡಚಿ ಚೀಲಕ್ಕೆ ಹಾಕಿ ತೂಗಿಸುತ್ತಿದ್ದ. ಗಂಡಸಿಗೆ ಎಂಥ ಮಡಚುವ ಚಟ ಎಂದು ಅವಳು ನಕ್ಕಿದ್ದಳು.

*

ಸಲಾಂನ ತಮ್ಮ ಅನ್ಸಾಫ್ ಅವಸರದಲ್ಲಿ ಬಂದ. "ಅತ್ತಿಗೆ, ಅಣ್ಣನನ್ನು ಹೊರುವ ಮಂಚದ ಮೇಲೆ ಹೊದಿಸ್ಲಿಕ್ಕೆ ಒಂದು ಶೀಟ್ ಉಂಟಾ?"

ಖದೀಜಾ ಹೊಸ ಶೀಟಿನ ಪ್ಲಾಸ್ಟಿಕ್ ಬಿಡಿಸತೊಡಗಿದಳು. ಆಸಿಯಾ ಚೀಲದಿಂದ, ನಮಾಜಿಗೆ ತಲೆಯಿಂದ ಪಾದದವರೆಗೆ ಹೊದೆಯುವ ತನ್ನ ಬಿಳಿ ಬಟ್ಟೆ ತೆಗೆದು ನೀಡಿದಳು.

"ಹೆಂಗಸ್ರದ್ದು ಕೊಡುದಾ? ಗಂಡಸ್ರು ಏನು ಹೇಳಿಯಾರು?" ಎಂದಳು ಖದೀಜಾ.

"ನಾನು ಹೋಗ್ಲಿಕ್ಕಿಲ್ಲ ಅಲ್ವಾ? ಇದಾದ್ರೂ ಹೋಗ್ಲಿ." ಆಸಿಯಾ ಅನ್ಸಾಫ್‌ನತ್ತ ತಿರುಗಿದಳು. "ಗುಂಡಿಗೆ ಇಳಿಸುವ ಮೊದ್ಲು ತೆಗಿ. ನೆಲಕ್ಕೆ ಮುಟ್ಟಿಸ್ಬೇಡ."

ಅವನು ಒಮ್ಮೆ ಖದೀಜಾಳನ್ನು ನೋಡಿದ. ಆಮೇಲೆ ಎರಡೂ ಕೈ ಚಾಚಿದ.

ಸಂಜೆ ಅವನು ಮರಳಿದಾಗ ಮಡಚಿದ ಬಟ್ಟೆ ಎದೆಗೊತ್ತಿಕೊಂಡಿದ್ದ. "ನೆಲಕ್ಕೆ ತಾಗ್ಲಿಲ್ಲ ಅತ್ತಿಗೆ. ದಫನ ಖಲಾಸ್ ಆಗುವವರೆಗೆ ಕೈಯಲ್ಲೇ ಇತ್ತು. ಗಾಳಿ ಮಾತ್ರ ಜೋರು."

ಆಸಿಯಾ ಬಿಡಿಸಿ ನೋಡಿದಳು. ಅಂಚಿನ ಮಡಿಕೆಯಲ್ಲಿ ದಫನದ ಜಾಗದ ನವಿರಾದ ಮರಳು ಕೂತಿತ್ತು. ಕೊಡವಲೆಂದು ಖದೀಜಾ ಕೈನೀಡಿದಳು. ಆಸಿಯಾ ಕೊಡಲಿಲ್ಲ. ಮರಳು ಉದುರದಂತೆ ಅಂಚನ್ನು ಒಳಗೆ ಮಾಡಿ ಮಡಚಿ, ಅಂಗಿಯ ಚೀಲಕ್ಕೆ ಹಾಕಿ, ಮೊಳೆಗೆ ತೂಗಿಸಿದಳು.