ಹಿತ್ತಲ ಮೆಟ್ಟಿಲಿಗೊಂದು ದೀಪ

ಸಂಜೆಯಾದರೆ ಬೈಂಡರ್ ಮಾವನ ಮನೆಯಲ್ಲಿ ಉರಿಯುತ್ತಿದ್ದದ್ದು ಒಂದೇ ಬಲ್ಬು. ಅದೂ ಅಡುಗೆಮನೆಯಲ್ಲಿ. ನಡುಮನೆ ಕತ್ತಲೆ, ಬಚ್ಚಲು ಕತ್ತಲೆ. ಹಿತ್ತಲಿಗೆ ಇಳಿಯುವ ಮೆಟ್ಟಿಲಂತೂ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. "ಮಾವ ಕರೆಂಟು ಉಳಿಸಿ ಬಂಗಲೆ ಕಟ್ಟಿಸ್ತಾರೆ" ಎಂದು ಬೀದಿಯವರು ನಗುತ್ತಿದ್ದರು. ಮಾವ ಕೇಳಿಯೂ ಕೇಳದವರ ಹಾಗೆ ಇದ್ದುಬಿಡುತ್ತಿದ್ದರು.

ಅವರದು ಪುಸ್ತಕಗಳಿಗೆ ರಟ್ಟು ಹಾಕುವ ಕಸುಬು. ಹೆಂಡತಿ ಹಾಳೆ ಜೋಡಿಸಿ ಹೊಲಿಯುತ್ತಿದ್ದಳು, ಇವರು ಅಂಟು ಬಳಿದು ರಟ್ಟು ಕೂರಿಸುತ್ತಿದ್ದರು. ಅಡುಗೆಮನೆಯ ಆ ಹಳದಿ ಬಲ್ಬಿನ ಕೆಳಗೆ ಇಬ್ಬರೂ ಎದುರುಬದುರು ಕೂತು ಅರ್ಧ ಆಯುಷ್ಯ ಕಳೆದಿದ್ದರು. ಹೋದ ವರ್ಷ ಹೆಂಡತಿ ತೀರಿಕೊಂಡಳು. ಸರಿಯಾಗಿ ಉಣ್ಣದೆ ಸೊರಗಿಹೋದ ತಮ್ಮನನ್ನು ನೋಡಲಾಗದೆ ಅವರ ಅಕ್ಕ ಗಂಟುಮೂಟೆ ಕಟ್ಟಿಕೊಂಡು ಬಂದು ಜೊತೆಗೇ ಉಳಿದಳು.

ಅಕ್ಕನಿಗೆ ಕಣ್ಣು ಮಂಜು. "ಲೋ, ಹಿತ್ತಲ ಮೆಟ್ಟಿಲಿಗೊಂದು ದೀಪ ಹಾಕ್ಸೋ. ಕಾಲು ಎಲ್ಲಿ ಇಡ್ತಿದೀನಿ ಅಂತ ನಂಗೇ ಗೊತ್ತಾಗಲ್ಲ" ಎಂದು ದಿನಾ ಹೇಳುತ್ತಿದ್ದಳು.

"ಹಾಕಿಸೋಣ ಬಿಡಕ್ಕ" ಎನ್ನುತ್ತಿದ್ದರು ಮಾವ. ಹಾಕಿಸುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ವೈರಿಂಗ್ ಕೆಲಸ ಮಾಡುವ ಹೆಂಗಸು ಇದ್ದಳು. ಎಲ್ಲರ ಬಾಯಲ್ಲೂ ಅವಳು ಕರೆಂಟಮ್ಮ. ಒಂದು ದಿನ ಅವಳೇ ಬಂದು ಮಾತು ತೆಗೆದಳು.

"ಮಾವ, ಎಲ್‌ಇಡಿ ಹಾಕ್ಸಿಬಿಡಿ. ನಿಮ್ಮ ಅಡುಗೆಮನೆ ಬಲ್ಬು ಅರವತ್ತು ವಾಟಿಂದು. ಅಷ್ಟೇ ಬೆಳಕು ಕೊಡೋಕೆ ಎಲ್‌ಇಡಿಗೆ ಒಂಬತ್ತು ವಾಟು ಸಾಕು. ಇದೊಂದೇ ತಿನ್ನೋ ಕರೆಂಟಲ್ಲಿ ಮನೆ ಒಳಗೂ ಹೊರಗೂ ಸೇರಿ ಆರು ದೀಪ ಉರಿಸಬಹುದು."

"ಬೇಡ ತಾಯಿ. ಒಂದ್ಸಲ ಗಾಡಿಯವನ ಹತ್ರ ತಂದಿದ್ದೆ. ವಾರಕ್ಕೇ ಕೈಕೊಡ್ತು."

"ಗಾಡೀಲಿ ಗುಡ್ಡೆ ಹಾಕಿ ಮಾರೋದನ್ನ ತಂದ್ರೆ ಇನ್ನೇನಾಗತ್ತೆ? ಅಂಗಡೀಲಿ ಗುಣಮಟ್ಟದ ಗುರುತು ನೋಡಿ, ರಸೀದಿ ಇಸ್ಕೊಂಡು ತರಬೇಕು. ಗ್ಯಾರಂಟಿ ಇರತ್ತೆ. ಕೆಟ್ರೆ ಬೇರೇದು ಕೊಡ್ತಾರೆ."

"ಬೇಡ ಅಂದ್ರೆ ಬೇಡಮ್ಮ" ಎಂದು ಮಾವ ಎದ್ದು ಒಳಗೆ ಹೋದರು. ಕರೆಂಟಮ್ಮ ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಮುಸ್ಸಂಜೆ ಮೋಡ ಕವಿದು ಹನಿ ಬೀಳತೊಡಗಿತು. ಒಣಹಾಕಿದ ಬಟ್ಟೆ ನೆನೆಯುತ್ತದೆಂದು ಅಕ್ಕ ಹಿತ್ತಲಿಗೆ ಓಡಿದಳು. ಮಾವ ರಟ್ಟು ಕತ್ತರಿಸುತ್ತಿದ್ದರು. ಧಡ್ ಎಂದು ಸದ್ದು ಕೇಳಿತು, ಆಮೇಲೆ ಒಂದು ನರಳಿಕೆ. ಹೋಗಿ ನೋಡಿದರೆ ಏನೂ ಕಾಣದು. "ಅಕ್ಕ, ಎಲ್ಲಿದೀಯೆ?" ಎಂದು ಕತ್ತಲಲ್ಲಿ ಕೈಯಾಡಿಸುತ್ತಾ ಕೂಗಿದರು. ಅವಳು ಮೆಟ್ಟಿಲ ಬುಡದಲ್ಲೇ ಬಿದ್ದಿದ್ದಳು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೊದಲಿನ ಹಾಗೆ ಓಡಾಡುವುದು ಇನ್ನು ಕಷ್ಟವೇ ಎಂದರು ಡಾಕ್ಟರು. ತಮ್ಮನನ್ನು ನೋಡಿಕೊಳ್ಳಲೆಂದು ಬಂದ ಅಕ್ಕನಿಗೆ ಈಗ ತಮ್ಮನೇ ತುತ್ತು ಮಾಡಿ ಉಣಿಸಬೇಕಾಯಿತು. ಅವಳು ಒಂದು ದಿನವೂ ಬೈಯಲಿಲ್ಲ. "ನಿಂದೇನು ತಪ್ಪಿಲ್ಲ ಕಣೋ. ನಾನೇ ಕುರುಡಿ, ನೋಡ್ಕೊಂಡು ಇಳೀಬೇಕಿತ್ತು" ಎಂದಳು. ಬೈದಿದ್ದರೆ ಮಾವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಕ್ಕನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಕೆಲವು ದಿನಕ್ಕೆ, ಹಾಲು ಕೊಡಲು ಬಂದ ಕರೆಂಟಮ್ಮ, ಹಿತ್ತಲ ಬಾಗಿಲಲ್ಲಿ ತಲೆ ತಗ್ಗಿಸಿ ಕೂತಿದ್ದ ಮಾವನನ್ನು ಕಂಡು ತಾನೂ ಪಕ್ಕದಲ್ಲಿ ಕೂತಳು. ಮಾವ ತಾವಾಗೇ ಬಾಯಿಬಿಟ್ಟರು.

"ಕರೆಂಟು ಉಳಿಸೋಕಲ್ಲಮ್ಮ ನಾನು ಬೇಡ ಅಂದಿದ್ದು. ಗಾಡಿಯವನ ಬಲ್ಬು ಬರೀ ನೆಪ. ನನ್ನವಳು ಮಲಗಿದ್ದ ವಾರ್ಡಲ್ಲಿ ಹಗಲೂ ರಾತ್ರಿ ಆ ಬಿಳೀ ಬೆಳಕು. ಅವಳ ಮುಖ ಖಾಲಿ ಹಾಳೆ ಥರ ಕಾಣ್ತಿತ್ತು. ಅದೇ ಬೆಳಕನ್ನ ಮನೆಗೆ ಹೇಗೆ ತರಲಿ ಹೇಳು? ಹಳೇ ಬಲ್ಬು ಒಂದೊಂದೇ ಸುಟ್ಟುಹೋದ್ವು, ಈಗ ಅಂಗಡೀಲಿ ಸಿಗೋದೇ ಅಪರೂಪ. ಇದ್ದ ಒಂದನ್ನೇ ಕಾಪಾಡ್ಕೊಂಡು ಕೂತೆ. ಅಕ್ಕನ್ನ ಕಾಪಾಡ್ಲಿಲ್ಲ."

ಕರೆಂಟಮ್ಮನ ಕಣ್ಣು ತುಂಬಿತು. "ಇದನ್ನ ನಂಗೊಂದು ಮಾತು ಹೇಳಬಾರದಿತ್ತಾ ಮಾವ? ನಾನಾದ್ರೂ ಕೇಳಬೇಕಿತ್ತು. ಜಿಪುಣರು ಅಂತ ನಾನೂ ನಗ್ತಿದ್ದೆ. ಎಲ್‌ಇಡಿ ಅಂದ್ರೆ ಬಿಳೀದು ಒಂದೇ ಅಲ್ಲ. ನಿಮ್ಮ ಬಲ್ಬಿನ ಹಾಗೇ ಹಳದಿ ಬೆಳಕಿಂದೂ ಬರತ್ತೆ. ಡಬ್ಬಿ ಮೇಲೆ ವಾರ್ಮ್ ವೈಟ್ ಅಂತ ಬರೆದಿರತ್ತೆ, ಅದನ್ನ ಕೇಳಿ ತಗೋಬೇಕು ಅಷ್ಟೇ."

"ಅಷ್ಟೇನಾ?" ಎಂದರು ಮಾವ. ಆಮೇಲೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಅವತ್ತೇ ಅವಳು ಮೇನ್ ಸ್ವಿಚ್ ಆರಿಸಿ ಕೆಲಸ ಶುರುಮಾಡಿದಳು. ಹಳೇ ಬಲ್ಬಿನ ಬಿಸಿಗೆ ಹೋಲ್ಡರು ಸುಟ್ಟು ಕಪ್ಪಾಗಿತ್ತು. ಅದನ್ನೂ ಬದಲಿಸಿ ಹಳದಿ ಬೆಳಕಿನ ಎಲ್‌ಇಡಿ ಸಿಕ್ಕಿಸಿದಳು. ನಡುಮನೆಗೆ, ಬಚ್ಚಲಿಗೆ ಒಂದೊಂದು ಹಾಕಿದಳು. ಮೆಟ್ಟಿಲ ಮೇಲೆ ಮಳೆನೀರು ಒಳಗಿಳಿಯದಂತೆ ಮುಚ್ಚಿರುವ, ಹೊರಗಡೆಗೆಂದೇ ಮಾಡಿದ ದೀಪ ಕೂರಿಸಿದಳು.

ಸಂಜೆ ಮಾವ ಸ್ವಿಚ್ಚು ಒತ್ತಿದರು. ಹಿತ್ತಲೆಲ್ಲ ಬೆಳಗಿತು. ಮೆಟ್ಟಿಲ ಅಂಚು, ಅದರ ಬಿರುಕು, ಪಾಚಿ, ಎಲ್ಲ ಕಣ್ಣಿಗೆ ಹೊಡೆಯುವಂತೆ ಕಂಡವು.

ಒಳಗಿನಿಂದ ಅಕ್ಕ ಕೇಳಿದಳು: "ಹಾಕಿದ್ರೇನೋ? ಚೆನ್ನಾಗಿ ಕಾಣತ್ತಾ?"

"ಕಾಣತ್ತೆ ಅಕ್ಕ. ಎತ್ಕೊಂಡು ಹೋಗಿ ತೋರಿಸ್ಲಾ?"

"ಬೇಡ, ನೋವಾಗತ್ತೆ. ನೀನು ಹುಷಾರಾಗಿ ಇಳಿ, ಸಾಕು" ಎಂದು ಅವಳು ಗೋಡೆಯ ಕಡೆ ಹೊರಳಲು ನೋಡಿದಳು. ಆಗಲಿಲ್ಲ. ಮಾವ ಬಂದು ಮೆಲ್ಲಗೆ ಹೊರಳಿಸಿದರು.

ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತು ಹೊತ್ತು ಮುಳುಗಿದ ಮೇಲೆ ನಿಮ್ಮ ಮನೆಯನ್ನು ಒಂದು ಸುತ್ತು ಹಾಕಿ ಬನ್ನಿ. ಬಚ್ಚಲ ಹೊಸ್ತಿಲು, ಮೆಟ್ಟಿಲು, ಅಂಗಳ, ನೀರಿನ ನಲ್ಲಿಯ ಜಾಗ, ಎಲ್ಲೆಲ್ಲಿ ಕಾಲು ತಡವರಿಸುತ್ತದೋ ಅಲ್ಲೆಲ್ಲ ಒಂದು ಎಲ್‌ಇಡಿ ದೀಪ ಹಾಕಿಸಿ. ಮನೆಯಲ್ಲಿ ಯಾರಾದರೂ ಬೇಡ ಎಂದರೆ ನಕ್ಕು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು, ಯಾಕೆ ಬೇಡ ಎಂದು ಕೇಳಿ. ಯಾರೂ ಬೀಳುವ ಮೊದಲೇ ಕೇಳಿ.