ಮೌನಕ್ಕೆ ನೂರು ಅಂಕ

ಟೈನಾನ್ ನಗರದ ಆ ಬಡಾವಣೆಯಲ್ಲಿ ವಯಸ್ಸಾದವರನ್ನು ಗೌರವಿಸುವ ಹಬ್ಬದ ಹಾಡಿನ ಸ್ಪರ್ಧೆ ಎಂದರೆ ಚುನಾವಣೆಗಿಂತ ಜೋರು. ಈ ಸಲ ಅಂಕ ಕೊಡುವ ಯಂತ್ರವನ್ನು ಸಿದ್ಧಮಾಡಿದವಳು ಲ್ಯೋ ಪೇಯ್-ಜುನ್. ಸ್ವರ ಗುರುತಿಸುವ ತಂತ್ರಾಂಶ ಅವಳದ್ದಲ್ಲ. ಯಾರೋ ಪುಣ್ಯಾತ್ಮ ಬರೆದು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟಿದ್ದ. ಅದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರಿಗೆ ಇವಳು ಲೆಕ್ಕವನ್ನು ಆದಷ್ಟು ಬೇಗ ಮುಗಿಸು ಎಂಬ ಆಯ್ಕೆ ಒತ್ತಿದ್ದಳು. ಅದನ್ನು ಮಾತ್ರ ಒತ್ತಬೇಡಿ ಎಂದು ಪುಣ್ಯಾತ್ಮ ಬರೆದಿದ್ದನ್ನು ಓದಿಯೂ ಇದ್ದಳು. ಬರೆದವರೆಲ್ಲ ಹೀಗೇ ಹೆದರಿಸುತ್ತಾರೆ ಬಿಡು ಎಂದುಕೊಂಡಳು, ಅಷ್ಟೆ. ಕುಂಟುತ್ತಿದ್ದ ಹಳೆಯ ಯಂತ್ರ ಓಡತೊಡಗಿತು. ಯಂತ್ರ ತಂಟೆ ಮಾಡದೆ ಮಾತು ಕೇಳಲೆಂದು, ಅಲ್ಲಿ ಎಲ್ಲರೂ ಇಡುವಂತೆ, ಮೇಲೊಂದು ಹಸಿರು ಪೊಟ್ಟಣದ ಕುರುಕಲು ತಿಂಡಿಯನ್ನೂ ಇಟ್ಟಳು. ತಾರೀಕು ಮುಗಿದ ಪೊಟ್ಟಣ ಇಟ್ಟರೆ ಯಂತ್ರ ಮೊಂಡು ಹಿಡಿಯುತ್ತದೆ ಎಂಬುದು ಅಲ್ಲಿಯವರ ನಂಬಿಕೆ.

ಅವಳ ಅಜ್ಜಿಯ ಸರದಿ ಬಂತು. ಪ್ರತಿವರ್ಷ ತಾತನ ಜೊತೆ ಹಾಡುತ್ತಿದ್ದ ಹಾಡನ್ನೇ ಆರಿಸಿಕೊಂಡಿದ್ದಳು. ತಾತ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ವಾದ್ಯ ಶುರುವಾದದ್ದೇ ಅಜ್ಜಿ ಪಕ್ಕದ ಖಾಲಿ ಜಾಗದ ಕಡೆ ತಿರುಗಿದಳು. ಹಾಡು ಮುಗಿಯುವವರೆಗೂ ಮೈಕು ಹಿಡಿದು ಸುಮ್ಮನೆ ನಿಂತಿದ್ದಳು.

ಪರದೆಯ ಮೇಲೆ ನೂರಕ್ಕೆ ನೂರು ಬಂತು.

ಸಭೆಗೆ ಸಭೆಯೇ ಕಣ್ಣೊರೆಸಿಕೊಂಡಿತು. ಯಂತ್ರಕ್ಕೂ ಕರುಳಿದೆ ಎಂದರು. ಬಡಾವಣೆಯ ಮುಖ್ಯಸ್ಥ ಗಾವ್ ಮಾತ್ರ ಅನುಮಾನದಿಂದ ಕುರುಕಲಿನ ಪೊಟ್ಟಣ ತಿರುಗಿಸಿ ನೋಡಿದ. "ತಾರೀಕು ಇನ್ನೂ ಮುಗಿದಿಲ್ಲ. ಅಂಕ ಸರಿಯಾಗೇ ಇದೆ," ಎಂದು ತೀರ್ಪು ಕೊಟ್ಟ.

ಪೇಯ್-ಜುನ್‌ಗೆ ನಿಜವಾದ ಕಾರಣ ಹೊಳೆಯಿತು. ದನಿಯೇ ಇಲ್ಲದಿದ್ದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ ಲೆಕ್ಕದ ಕೊನೆಯಲ್ಲಿ ಬರುವುದು ಅಂಕಿಯೇ ಅಲ್ಲ. ಅದನ್ನು ತಡೆದು ಸೊನ್ನೆ ಕೊಡುವ ಕಾವಲೊಂದು ಮೂಲದಲ್ಲಿತ್ತು. ಇವಳು ಅವಸರ ಮಾಡಿದ್ದಕ್ಕೆ ಕಂಪೈಲರು, ಅಂಥದ್ದು ಬರುವುದೇ ಇಲ್ಲ ಎಂದುಕೊಂಡು ಕಾವಲನ್ನೇ ಕಿತ್ತುಹಾಕಿತ್ತು. ತಡೆಯಿಲ್ಲದೆ ಆ ಅಂಕಿಯಲ್ಲದ್ದು ಗರಿಷ್ಠ ಮಿತಿಯಾದ ನೂರಕ್ಕೆ ಹೋಗಿ ನಿಂತಿತ್ತು. ಸುಮ್ಮನಿದ್ದರೆ ಅಜ್ಜಿಗೆ ಬಹುಮಾನ. ಬಾಯಿಬಿಟ್ಟರೆ ಅಷ್ಟು ಜನರೆದುರು ಅಜ್ಜಿಯ ಮುಖ ಏನಾಗಬೇಕು? ಆದರೆ ಮಿಕ್ಕವರೆಲ್ಲ ನಿಜವಾಗಿ ಹಾಡಿದ್ದರು. ನಾಚಿಕೆಯಿಂದ ಕುಗ್ಗುತ್ತಲೇ ಅಜ್ಜಿಯ ಪಕ್ಕಕ್ಕೆ ಹೋದಳು.

"ಅಜ್ಜಿ, ಅದು ಸುಳ್ಳು ಅಂಕ. ತಪ್ಪು ನಂದು."

ಅಜ್ಜಿ ದುರುಗುಟ್ಟಿ ನೋಡಿದಳು. "ಹಾಗಾದ್ರೆ ಸರಿ ಮಾಡೇ. ಇನ್ನೊಂದ್ಸಲ ಹಾಡ್ತೀನಿ."

ಪೇಯ್-ಜುನ್ ಎಲ್ಲರೆದುರು ತಪ್ಪೊಪ್ಪಿಕೊಂಡು, ಆ ಆಯ್ಕೆ ತೆಗೆದು ತಂತ್ರಾಂಶವನ್ನು ಮತ್ತೆ ಕಟ್ಟಿದಳು. ಯಂತ್ರ ಮೊದಲಿನಂತೆ ಕುಂಟಿತು. ಅಜ್ಜಿ ತನ್ನ ಸಾಲನ್ನೂ ತಾತನ ಸಾಲನ್ನೂ ಒಬ್ಬಳೇ ಹಾಡಿದಳು. ದನಿ ಒಡೆಯಿತು, ತಾಳ ತಪ್ಪಿತು, ಆದರೂ ನಿಲ್ಲಿಸಲಿಲ್ಲ. ಐವತ್ತೆಂಟು ಬಂತು.

"ಇದು ನಿಜದ್ದೇನೇ?"

"ಹೂಂ ಅಜ್ಜಿ, ನಿಜದ್ದೇ."

ಅಜ್ಜಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಗು ಬಂತು, ಜೊತೆಗೇ ಅಳುವೂ ಬಂತು.

"ಹಾಗಾದ್ರೆ ಇಷ್ಟು ವರ್ಷ ಅಂಕ ತರ್ತಾ ಇದ್ದದ್ದು ನಿಮ್ಮ ತಾತಾನೇ ಕಣೇ. ನನ್ನಿಂದ್ಲೇ ಬರ್ತಿದೆ ಅಂತ ಮನೇಗೆ ಹೋಗೋ ದಾರಿ ಉದ್ದಕ್ಕೂ ಹೇಳ್ತಿದ್ದೆ. ಅವರು ಹೂಂ ಹೂಂ ಅಂತಾನೇ ಬರ್ತಿದ್ರು."