ಕಪ್ಪು ಕಪ್ಪಾಗಿಯೇ ಕಾಣುವ ಪರದೆ

ಮತ್ತೆ ಅದೇ ಜೇನು, ಅಂಗಡಿಯಲ್ಲಿ ಸಾಲಾಗಿಟ್ಟ ಲ್ಯಾಪ್‌ಟಾಪುಗಳ ಪರದೆಯಲ್ಲೆಲ್ಲ ಒಂದೇ ಚಮಚದಿಂದ ಒಂದೇ ಜೇನು ಸುರಿಯುತ್ತಿದೆ, ಆಮೇಲೆ ಹಲ್ಲಿ ನಾಲಿಗೆ ಚಾಚುತ್ತದೆ, ಆಮೇಲೆ ಮತ್ತೆ ಜೇನು, ಇಷ್ಟು ಹಳದಿ ಜೇನನ್ನು ಯಾವ ಹುಳವೂ ಮಾಡಿರಲಾರದು, ಅಂಗಡಿಯವನು ಪರದೆಗೆ ಹಾ ಎಂದು ಉಸಿರೂದಿ ಅಂಗಿಯ ತೋಳಿನಿಂದ ಒರೆಸುತ್ತಾನೆ, ಯಾರದ್ದೋ ಬೆರಳಿನ ಜಿಡ್ಡು ಮೂಲೆಯಿಂದ ಮಧ್ಯಕ್ಕೆ ಬಂತು ಅಷ್ಟೇ, ಕಲರ್ ನೋಡಿ ಮೇಡಂ, ಹೇಗೆ ಹೊರಗೆ ಬರ್ತಿದೆ ಅನ್ನುತ್ತಾನೆ, ಹೊರಗೆ ಬರಲಿರುವುದು ನಾನು ಬೆಳಿಗ್ಗೆ ತಿಂದದ್ದು — ಭಾವ ಆಗಲೇ ಶುರು ಮಾಡಿದರು, ಫೋರ್ ಕೆ ಇದ್ಯಾ, ತಗೊಳೋದೇ ತಗೋತೀವಿ, ಫೋರ್ ಕೆ ತಗೊಳ್ಳೋಣ, ದೊಡ್ಡ ಸಂಖ್ಯೆ ಕಂಡರೆ ಸಾಕು ಇವರ ಬಾಯಲ್ಲಿ ನೀರೂರುತ್ತದೆ, ಇಷ್ಟು ಚಿಕ್ಕ ಪರದೆಗೆ ಅಷ್ಟು ಚುಕ್ಕೆ ತುರುಕಿದರೆ ಯಂತ್ರ ಏದುಸಿರು ಬಿಡುತ್ತದೆ ಭಾವ, ಆಟ ಮುಗ್ಗರಿಸುತ್ತದೆ, ಅದಕ್ಕಿಂತ ಕಡಿಮೆ ರೆಸಲ್ಯೂಶನ್ ಸಾಕು, ನೋಡಬೇಕಾದ್ದು ಹಿಂದಿನ ಬೆಳಕು, ಬ್ಯಾಕ್‌ಲೈಟು, ಕಪ್ಪು ಕಪ್ಪಾಗಿ ಕಾಣುತ್ತದೋ ಇಲ್ಲವೋ ಅನ್ನೋದು, ಎಂದು ದಾರಿಯುದ್ದಕ್ಕೂ ಹೇಳಿ ನನ್ನ ಗಂಟಲು ಒಣಗಿತ್ತು, ಆಗಲಿ ಬಿಡಮ್ಮ, ನೀನೇ ದೊಡ್ಡ ಇಂಜಿನಿಯರು ಅಂದಿದ್ದರು.

ಅಕ್ಕ ಕೈಚೀಲ ಎದೆಗೊತ್ತಿಕೊಂಡು ಜೇನನ್ನೇ ನೋಡುತ್ತಿದ್ದಾಳೆ, ಲ್ಯಾಪ್‌ಟಾಪು ಬೇಕಾದದ್ದು ಅವಳಿಗೆ, ಅವಳ ಮನೆಯಲ್ಲಿ ಅವಳು ನನ್ನ ಮನೆಯಲ್ಲಿ ನಾನು, ಕೆಲಸ ಮುಗಿಸಿ ಒಟ್ಟಿಗೆ ಆಡುವ ಆಟ, ಪಾಳು ಹೋಟೆಲಿಗೆ ನುಗ್ಗುವ ಇಬ್ಬರು ಕಳ್ಳಿಯರು, ಮುಂದೆ ಅವಳ ಕೆಂಪು ಟೋಪಿ, ಹಿಂದೆ ನಾನು, ಚಿಕ್ಕಂದಿನಿಂದಲೂ ಮುಂದೆ ಅವಳೇ — ಈಚೆಗೆ ಕತ್ತಲ ನೆಲಮಾಳಿಗೆ ಬಂದರೆ ಕೆಂಪು ಟೋಪಿ ಗೋಡೆಗೆ ಮುಖ ಹಚ್ಚಿ ನಿಲ್ಲುತ್ತದೆ, ಕಾಲುಗಳು ಮಾತ್ರ ನಡೆಯುತ್ತಲೇ ಇರುತ್ತವೆ, ಬಾಗಿಲು ಪಕ್ಕದಲ್ಲೇ ಇದೆ ಕಣೇ ಅಂದರೆ ಈ ಹಾಳು ಸ್ಕ್ರೀನಲ್ಲಿ ಏನೂ ಕಾಣಲ್ಲ ಅನ್ನುತ್ತಾಳೆ, ಹೆಡ್‌ಫೋನಿನಲ್ಲಿ ಅವಳ ಹಿಂದಿನಿಂದ ಭಾವ ನಗುವುದು ಕೇಳಿಸುತ್ತದೆ, ವಯಸ್ಸಾಯ್ತು ನಿಮ್ಮಕ್ಕಂಗೆ, ಥೂ, ಆ ನಗು — ಅವಳ ಕೆಲಸವೇ ಕಣ್ಣಿನದು, ಕಟ್ಟುಹಲ್ಲಿನ ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸುವುದು, ಮಾಸಲು ಬಿಳಿಗೂ ಹಳದಿ ಬಿಳಿಗೂ ಇರುವ ಕೂದಲೆಳೆ ಅಂತರ ಹಿಡಿಯುವುದು, ಹೋದ ವಾರ ಅವಳು ಮಾಡಿದ ಹಲ್ಲು ಬಣ್ಣ ತಪ್ಪಿ ವಾಪಸು ಬಂತಂತೆ, ಮೇಜಿನ ದೀಪ ಸರಿಯಿಲ್ಲ ಅಂದಳು, ಮನೆಯಲ್ಲಿ ಪರದೆ ಸರಿಯಿಲ್ಲ, ಲ್ಯಾಬಿನಲ್ಲಿ ದೀಪ ಸರಿಯಿಲ್ಲ, ಡಾಕ್ಟರ ಹತ್ತಿರ ಹೋಗೋಣ ಅಂದರೆ ನಿನಗೆ ಬೇರೆ ಕೆಲಸ ಇಲ್ವಾ ಅನ್ನುತ್ತಾಳೆ, ನಾನೂ ಪರದೆಯ ಮೇಲೆಯೇ ಗೂಬೆ ಕೂರಿಸಿ ಇಲ್ಲಿಗೆ ಕರೆತಂದೆ, ಪರದೆಯದ್ದೇ ತಪ್ಪಾಗಿರಲಿ ದೇವರೇ, ಎಷ್ಟಾದರೂ ಕೊಡುತ್ತೇನೆ.

ಜೇನು ನಿಲ್ಲಿಸಿ, ಬರೀ ಕಪ್ಪು ಹಾಕಿ ಅಂದೆ, ಅಂಗಡಿಯವನು ಕಣ್ಣು ಕಣ್ಣು ಬಿಟ್ಟ, ಕಪ್ಪಲ್ಲಿ ಏನ್ ನೋಡ್ತೀರಾ ಮೇಡಂ, ಕೋಟು ಬಿಚ್ಚಿ ತಲೆಯನ್ನೂ ಪರದೆಯನ್ನೂ ಒಟ್ಟಿಗೆ ಮುಚ್ಚಿಕೊಂಡೆ, ಒಳಗೆ ನನ್ನದೇ ಉಸಿರಿನ ಮುಗ್ಗಲು, ಮೊದಲನೆಯದರ ಮೂಲೆಗಳಲ್ಲಿ ಬೆಳಕು ಕೀವಿನ ಹಾಗೆ ಒಸರುತ್ತಿತ್ತು, ಎರಡನೆಯದು ಕಪ್ಪಲ್ಲ, ಪಾತ್ರೆ ತೊಳೆದ ನೀರು, ಹೊರಗಿನಿಂದ ಭಾವ, ಮರ್ಯಾದೆ ತೆಗೀತಾಳೆ ಇವಳು ಅನ್ನುವುದು ಕೇಳಿಸಿತು — ಈ ಮೂರನೆಯದು, ಹಿಂದಿನ ಬೆಳಕು ಬೇಕಾದ ಕಡೆ ಮಾತ್ರ ಹತ್ತುವಂಥದ್ದು, ಇದರ ಕಪ್ಪು ಅಪ್ಪಟ ಕಪ್ಪು, ಇದೇ ಅಕ್ಕ, ಕೂತ್ಕೊ, ಪೆನ್‌ಡ್ರೈವಿನಲ್ಲಿ ತಂದಿದ್ದ ನಮ್ಮ ಆಟ ಹಾಕಿದೆ, ಬೆಳಕಿನ ಓಣಿಯಲ್ಲಿ ಕೆಂಪು ಟೋಪಿ ಬಾಣದಂತೆ ಓಡಿತು, ಅಬ್ಬ, ಎಷ್ಟು ಚೆನ್ನಾಗಿ ಕಾಣ್ತಿದೆ ಅಲ್ವೇನೇ ಅಂದಳು, ನನ್ನ ಎದೆ ಹಗುರಾಯಿತು, ಮೆಟ್ಟಿಲಿಳಿದಳು, ನೆಲಮಾಳಿಗೆ, ಪ್ಯಾಕ್ ಮಾಡಿ ಅನ್ನುತ್ತಿದ್ದಾರೆ ಭಾವ, ಅಂಗಡಿಯವನು ಹಲ್ಲು ಕಿರಿಯುತ್ತಿದ್ದಾನೆ, ಬಾಗಿಲು ಬಲಕ್ಕೇ ಇದೆ, ಅದಕ್ಕೆ ಹೊಡೆದ ಮೊಳೆಗಳೂ ನನಗೆ ಕಾಣುತ್ತಿವೆ, ಚೆನ್ನಾಗಿದೆ ಕಣೇ ಇದು, ಇದೇ ಇರಲಿ ಅನ್ನುತ್ತಾಳೆ ಅಕ್ಕ, ಗುಂಡಿಯಿಂದ ಬೆರಳು ತೆಗೆಯುತ್ತಿಲ್ಲ, ಕೆಂಪು ಟೋಪಿ ಗೋಡೆಗೆ ಮುಖ ಹಚ್ಚಿದೆ, ಕಾಲುಗಳು ನಡೆಯುತ್ತಿವೆ, ನಡೆಯುತ್ತಿವೆ